ಬ್ರಶ್ ತೊಳೆದವರಿಗೂ ಒಂದು ನಮಸ್ಕಾರ

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಕನ್ನಡ ಕೂಟದ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರು, "ಅಮೆರಿಕಕ್ಕೆ ಬಂದು ಎರಡು ವರ್ಷ ಆಯ್ತು, ಮಗಳು ಇನ್ನೂ ನಮ್ಮೂರಿಗೆ ಯಾವಾಗ ವಾಪಸ್ ಹೋಗೋದು ಅಂತಾಳೆ, ಏನು ಮಾಡೋದು?" ಅಂತ. ಕನ್ನಡ ಕ್ಲಾಸು, ಭರತನಾಟ್ಯ, ಸಾಕರ್ ಅಂತ ತುಂಬಾ ಜನ ಸಲಹೆ ಕೊಟ್ಟಿದ್ದೀರಿ. ಎಲ್ಲವೂ ಒಳ್ಳೆಯವೇ. ಆದರೆ ನಮ್ಮ ಮನೆಯಲ್ಲಿ ಆ ಪ್ರಶ್ನೆ ನಿಂತದ್ದು ಒಂದು ಗೋಡೆಚಿತ್ರದಿಂದ, ಆ ಗೋಡೆಗಾಗಿ ಬಿಟ್ಟಿಯಾಗಿ ದುಡಿದ ಕೆಲವರಿಂದ. ಅವರಿಗೆ ನಾವು ಸರಿಯಾಗಿ ಕೃತಜ್ಞತೆ ಹೇಳಿಲ್ಲ ಅನ್ನುವುದು ನನ್ನನ್ನು ಕೊರೆಯುತ್ತಿದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಫಿಲಡೆಲ್ಫಿಯಾ ಪಕ್ಕದ ಅಪ್ಪರ್ ಡಾರ್ಬಿಯಲ್ಲಿ. 69ನೇ ಸ್ಟ್ರೀಟ್ ಸ್ಟೇಷನ್ನಿನಲ್ಲಿ, ರಸ್ತೆಯ ಮೇಲೆ ಎತ್ತರದ ಹಳಿಯಲ್ಲಿ ಓಡುವ ಎಲ್ ರೈಲು ಹತ್ತಿ ಊರೊಳಗೆ ಹೊರಟರೆ, ಕಿಟಕಿಯ ಎತ್ತರಕ್ಕೇ ಕಟ್ಟಡಗಳ ಮೇಲಿನ ಗೋಡೆಗಳು ಕಾಣುತ್ತವೆ. ಅವುಗಳ ಮೇಲೆ ದೊಡ್ಡ ಬಣ್ಣದ ಅಕ್ಷರಗಳಲ್ಲಿ ಪ್ರೇಮಪತ್ರದ ಸಾಲುಗಳು. ಒಂದು ಕಾಲಕ್ಕೆ ಇದೇ ಊರಿನ ಗೋಡೆಗಳನ್ನು ಗೀಚುತ್ತಿದ್ದ ಸ್ಟೀವ್ ಪವರ್ಸ್ ಎಂಬ ಕಲಾವಿದ 2009ರಲ್ಲಿ 50 ಗೋಡೆಗಳ ಮೇಲೆ ಬರೆಸಿದ್ದು. ನನ್ನ ಮಗ ಆರು ವರ್ಷದವನಾಗಿ ಇಲ್ಲಿಗೆ ಬಂದಾಗ ಇಂಗ್ಲಿಷ್ ಕೂಡಿಸಿ ಓದುವುದನ್ನು ಕಲಿತದ್ದು ಶಾಲೆಗಿಂತ ಹೆಚ್ಚಾಗಿ ಆ ಗೋಡೆಗಳಿಂದ. ಓದುತ್ತಿದ್ದ, ಖುಷಿಪಡುತ್ತಿದ್ದ. ಆದರೂ ಅದು "ಅವರ" ಊರಿನ ಗೋಡೆ.

ಫಿಲಡೆಲ್ಫಿಯಾದಲ್ಲಿ ಇಂಥ ಗೋಡೆಚಿತ್ರಗಳು ನಾಲ್ಕು ಸಾವಿರಕ್ಕೂ ಮೇಲೆ ಆಗಿವೆ. ಶುರುವಾದದ್ದು 1984ರಲ್ಲಿ. ಊರೆಲ್ಲ ಗ್ರಾಫಿಟಿ ತುಂಬಿದ್ದಾಗ ನಗರಾಡಳಿತವು ಗೀಚುವ ಹುಡುಗರನ್ನು ದಂಡಿಸುವುದರ ಜೊತೆಗೆ ಕೆಲಸಕ್ಕೂ ಹಚ್ಚೋಣ ಎಂದು ಜೇನ್ ಗೋಲ್ಡನ್ ಎಂಬ ಯುವ ಕಲಾವಿದೆಯನ್ನು ಕರೆಸಿಕೊಂಡಿತು. ಅದೇ ಮುಂದೆ ಮ್ಯೂರಲ್ ಆರ್ಟ್ಸ್ ಎಂಬ ದೊಡ್ಡ ಕಾರ್ಯಕ್ರಮವಾಗಿ ಬೆಳೆಯಿತು. ನಾನು ಹೇಳಹೊರಟಿರುವುದು ಈ ಇತಿಹಾಸವನ್ನಲ್ಲ. ಇಲ್ಲಿ ಚಿತ್ರ ಮಾಡುವ ವಿಧಾನವನ್ನು. ಯಾಕೆಂದರೆ ನಮ್ಮಂಥವರಿಗೆ ಬಾಗಿಲು ತೆರೆದದ್ದು ಆ ವಿಧಾನವೇ.

ಏಣಿ ಹಾಕಿ ನೇರವಾಗಿ ಗೋಡೆಗೇ ಬಣ್ಣ ಬಳಿಯುತ್ತಾರೆ ಅಂದುಕೊಂಡಿದ್ದೆ. ಇಲ್ಲಿ ಹೆಚ್ಚಿನವು ಹಾಗಲ್ಲ. ಕಲಾವಿದರು ಚಿತ್ರವನ್ನು ಸುಮಾರು ಐದಡಿ ಚೌಕಗಳಾಗಿ ಒಡೆದು, ಪ್ಯಾರಾಶೂಟ್ ಬಟ್ಟೆ ಅಂತ ಕರೆಯುವ ತೆಳ್ಳನೆಯ ಬಟ್ಟೆಯ ಮೇಲೆ ಅಂಚುಗಳನ್ನು ಗೆರೆ ಎಳೆದು, ಒಂದೊಂದು ಖಾಲಿ ಜಾಗಕ್ಕೂ ಒಂದು ನಂಬರ್ ಬರೆದಿರುತ್ತಾರೆ. ಅದೇ ನಂಬರಿನ ಡಬ್ಬಿಯಲ್ಲಿ ಅದರ ಬಣ್ಣ. ಯಾರು ಬೇಕಾದರೂ ಕೂತು ತುಂಬಬಹುದು: ಶಾಲೆಯ ಮಕ್ಕಳು, ವೃದ್ಧಾಶ್ರಮದವರು, ಜೈಲಿನಲ್ಲಿ ಇರುವವರು ಕೂಡ. ಆಮೇಲೆ ಚೌಕಗಳನ್ನು ಅಕ್ರಿಲಿಕ್ ಜೆಲ್ ಹಚ್ಚಿ, ಗುಳ್ಳೆ ಏಳದ ಹಾಗೆ ಉಜ್ಜಿ ಉಜ್ಜಿ ಗೋಡೆಗೆ ಅಂಟಿಸುತ್ತಾರೆ. ಬಟ್ಟೆ ಎಷ್ಟು ತೆಳುವೆಂದರೆ ಒಣಗಿದ ಮೇಲೆ ಇಟ್ಟಿಗೆಯ ಸಂದು ಕೂಡ ಎದ್ದು ಕಾಣುತ್ತದೆ. ಹತ್ತು ಡಿಗ್ರಿಗಿಂತ ಕೆಳಗೆ ಅಕ್ರಿಲಿಕ್ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಚಳಿಗಾಲವೆಲ್ಲ ಒಳಗೆ ಕೂತು ಬಣ್ಣ ತುಂಬುವುದು, ಬೆಚ್ಚಗಾದ ಮೇಲೆ ಅಂಟಿಸುವುದು.

ಒಂದು ವರ್ಷ ನವೆಂಬರಿನಲ್ಲಿ ನಮ್ಮತ್ತೆ ಬಂದಿದ್ದರು, ಚನ್ನರಾಯಪಟ್ಟಣದ ಕಡೆಯ ಹಳ್ಳಿಯಿಂದ. ಚಳಿಗಾಲದಲ್ಲಿ ಅಪಾರ್ಟ್‌ಮೆಂಟಿನೊಳಗೆ ಅಪ್ಪ ಅಮ್ಮಂದಿರನ್ನು ಇಟ್ಟುಕೊಂಡವರಿಗೆಲ್ಲ ಗೊತ್ತು ಅದು ಹೇಗಿರುತ್ತದೆಂದು. ಧನುರ್ಮಾಸ ಬಂತು. ಐವತ್ತು ವರ್ಷ ನಸುಕಿನಲ್ಲೆದ್ದು ಬಾಗಿಲ ಮುಂದೆ ದೊಡ್ಡ ರಂಗೋಲಿ ಬಿಟ್ಟ ಕೈ ಅದು. ಇಲ್ಲಿ ಬಾಗಿಲ ಮುಂದೆ ಕಾರ್ಪೆಟ್ಟು, ಹೊರಗೆ ಹಿಮ. ಒಂದು ದಿನ ನನ್ನ ಮಗನ ಹೋಮ್‌ವರ್ಕ್ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಚುಕ್ಕಿ ಇಟ್ಟುಕೊಂಡು ಕೂತಿದ್ದರು. ಅದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು.

ಫೆಬ್ರವರಿಯ ಒಂದು ಶನಿವಾರ ಹತ್ತಿರದ ಸಮುದಾಯ ಭವನದಲ್ಲಿ ಬಣ್ಣ ತುಂಬುವ ದಿನ ಇದೆ ಅಂತ ಮಗನ ಶಾಲೆಯಿಂದ ಚೀಟಿ ಬಂತು. ಮೂರೂ ಜನ ಹೋದೆವು. ಅತ್ತೆ "ನಾನು ಸುಮ್ನೆ ಕೂತಿರ್ತೀನಿ ಕಣೇ, ನಂಗೇನು ಬರತ್ತೆ" ಅಂದುಕೊಂಡೇ ಬಂದರು. ಬಾಗಿಲಲ್ಲಿದ್ದ ಸ್ವಯಂಸೇವಕಿ, ಎಪ್ಪತ್ತು ದಾಟಿದ ನಿವೃತ್ತ ಶಾಲಾ ಟೀಚರು, ನನ್ನ ಜೊತೆ ಮಾತಾಡಲೇ ಇಲ್ಲ. ನೇರ ಅತ್ತೆಯ ಹತ್ತಿರ ಬಂದು, ಒಂದು ಏಪ್ರನ್ ಹಿಡಿದು, ಕುರ್ಚಿ ತೋರಿಸಿದರು. ಭಾಷೆ ಬರುವುದಿಲ್ಲ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಅತ್ತೆಯ ಸೀರೆ ಸೆರಗನ್ನು ಏಪ್ರನ್ನಿನೊಳಗೆ ಸಿಕ್ಕಿಸುತ್ತಿದ್ದರು.

ಅರ್ಧ ಗಂಟೆಯಲ್ಲಿ ಕಲಾವಿದೆ ಬಂದು ನೋಡಿ ನಿಂತರು. ಉಳಿದವರು ನಡುವಿನ ದೊಡ್ಡ ಜಾಗ ತುಂಬುತ್ತಿದ್ದರೆ ನಮ್ಮತ್ತೆ ಎರಡು ಬಣ್ಣ ಸೇರುವ ಅಂಚನ್ನು, ಕೈ ಒಂಚೂರೂ ನಡುಗದೆ, ಒಂದೇ ಎಳೆಯಲ್ಲಿ ಎಳೆಯುತ್ತಿದ್ದರು. ರಂಗೋಲಿಯ ಕೈ! ಮಧ್ಯಾಹ್ನದ ಹೊತ್ತಿಗೆ ಬೇರೆ ಮೇಜುಗಳವರೂ ತಮ್ಮ ಚೌಕದ ಉದ್ದನೆಯ ಗೆರೆಗಳನ್ನು ಅತ್ತೆಗೆ ಅಂತ ಬಿಟ್ಟಿಡತೊಡಗಿದರು. ಮಗ ಪಕ್ಕದಲ್ಲಿ ನಿಂತು ದುಭಾಷಿ. "ಅಜ್ಜೀ, ಹದಿನೇಳನೇ ನಂಬರಂತೆ, ನೀಲಿ." ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗಿದ್ದ ಹುಡುಗ ಅವತ್ತು ಐದು ಗಂಟೆ ಎರಡೂ ಭಾಷೆಯಲ್ಲಿ ಓಡಾಡಿದ. ಅವನ ಕನ್ನಡ ಇಷ್ಟು ಜನರ ನಡುವೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಇಷ್ಟೆಲ್ಲ ನಡೆಯುವ ಹಾಗೆ ನೋಡಿಕೊಂಡವರ ಕೆಲಸ ನನ್ನ ಕಣ್ಣಿಗೆ ಬಿದ್ದದ್ದು ಎರಡನೇ ಸಲ ಹೋದಾಗ. ಬಣ್ಣದ ಡಬ್ಬಿ ಅರ್ಧ ಗಂಟೆ ತೆರೆದಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ. ಒಬ್ಬರು ಅದನ್ನೇ ನೋಡುತ್ತಾ ಮುಚ್ಚುತ್ತಾ ಸುತ್ತುತ್ತಿರುತ್ತಾರೆ. ಬ್ರಶ್ಶಿನಲ್ಲಿ ಬಣ್ಣ ಒಣಗಿದರೆ ಆ ಬ್ರಶ್ ಸತ್ತಂತೆಯೇ, ಹಾಗಾಗಿ ಸಿಂಕಿನ ಹತ್ತಿರ ಒಬ್ಬರು ದಿನವಿಡೀ ಬೆನ್ನು ಬಗ್ಗಿಸಿ ತೊಳೆಯುತ್ತಲೇ ಇರುತ್ತಾರೆ. ಯಾವ ಚೌಕ ಯಾವುದರ ಪಕ್ಕ ಅನ್ನುವ ಲೆಕ್ಕ ಇನ್ನೊಬ್ಬರದು, ತಪ್ಪಿದರೆ ಗೋಡೆಯ ಮೇಲೆ ಮೂಗಿದ್ದಲ್ಲಿ ಕಿವಿ ಬರುತ್ತದೆ. ಸಣ್ಣ ಮಕ್ಕಳು ತಪ್ಪು ಜಾಗಕ್ಕೆ ಬಳಿದಾಗ ಗದರದೆ, ಒಣಗಿದ ಮೇಲೆ ಮೆಲ್ಲಗೆ ಸರಿಮಾಡುವವರು ಬೇರೆ. ಚಿತ್ರದಲ್ಲಿ ಇವರ ಒಂದು ಗೆರೆಯೂ ಇರುವುದಿಲ್ಲ. ಸಿಂಕಿನ ಹತ್ತಿರ ಇದ್ದವರು ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ ಬಸ್ ಡ್ರೈವರ್ ಅಂತ ಆಮೇಲೆ ತಿಳಿಯಿತು.

ಬೇಸಿಗೆಯ ಕೊನೆಗೆ ಗೋಡೆ ಉದ್ಘಾಟನೆ ಆಯಿತು. ಭಾಷಣ, ಫೋಟೋ, ದಾನಿಗಳ ಹೆಸರು, ಎಲ್ಲ ನಡೆಯಿತು. ಅಷ್ಟರಲ್ಲಿ ಅತ್ತೆ ಊರಿಗೆ ಹೋಗಿ ಆಗಿತ್ತು. ವಿಡಿಯೋ ಕಾಲ್‌ನಲ್ಲಿ ಗೋಡೆ ತೋರಿಸಿದಾಗ ಅವರು ತಮ್ಮ ಗೆರೆ ಹುಡುಕಲಿಲ್ಲ. "ಏಪ್ರನ್ ಕಟ್ಟಿದ್ರಲ್ಲ, ಆ ಟೀಚರಮ್ಮ ಎಲ್ಲಿ? ಹುಷಾರಾಗಿದಾರಾ?" ಅಂದರು. ಟೀಚರ್ ಹಿಂದಿನ ಸಾಲಿನಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಮಗ ಫೋನ್ ಹಿಡಿದುಕೊಂಡು ಓಡಿದ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಐದು ನಿಮಿಷ ಮಾತಾಡಿದರು.

ಈಗ ನಮ್ಮ ವಿಷಯ. ನಮ್ಮ ಕೂಟದ ಸಮಾರಂಭಗಳಲ್ಲೂ ಶಾಲು, ಹಾರ, ಹಣ್ಣಿನ ಬುಟ್ಟಿ ಹೋಗುವುದು ವೇದಿಕೆ ಹತ್ತಿದವರಿಗೆ. ಯುಗಾದಿಗೆ ಬೆಳಿಗ್ಗೆ ಐದಕ್ಕೆ ಬಂದು ಕುಕ್ಕರ್ ಹೊತ್ತವರು, ರಾತ್ರಿ ಹಾಲ್ ಗುಡಿಸಿ ಬೀಗ ಹಾಕಿದವರು ವಂದನಾರ್ಪಣೆಯಲ್ಲಿ "ಮತ್ತು ಎಲ್ಲಾ ಸ್ವಯಂಸೇವಕರಿಗೂ" ಎಂಬ ಮೂರು ಪದದಲ್ಲಿ ಮುಗಿದುಹೋಗುತ್ತಾರೆ. ಇದು ಸರಿಯಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ. ಯಾರ ಹೆಸರು ಹೇಳಿದೆವು, ಯಾರದು ಬಿಟ್ಟೆವು ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ನೆನಪಿರುತ್ತದೆ.

ಹಾಗಾಗಿ ಎರಡು ಕೋರಿಕೆ. ಗೋಡೆಯ ಕೆಲಸದಲ್ಲಿ ನಮ್ಮ ಜೊತೆಗಿದ್ದ ಹನ್ನೊಂದು ಸ್ವಯಂಸೇವಕರ ಹೆಸರು ಮಗ ಕೇಳಿ ಬರೆದುಕೊಂಡು ಬಂದಿದ್ದಾನೆ. ಕನ್ನಡ ಕ್ಲಾಸಿನ ಮಕ್ಕಳು ತಲಾ ಒಬ್ಬರಿಗೆ ಕೈಯಾರೆ ಒಂದು ಕಾಗದ ಬರೆಯಲಿ, ಅವರ ಹೆಸರನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ, ಕೆಳಗೆ ಇಂಗ್ಲಿಷಿನಲ್ಲಿ ಅವರು ಮಾಡಿದ ಕೆಲಸ ಏನೆಂದು. "ಥ್ಯಾಂಕ್ಯೂ ಫಾರ್ ಎವೆರಿಥಿಂಗ್" ಬೇಡ. "ನೀವು ಬ್ರಶ್ ತೊಳೆದಿರಿ" ಅಂತಲೇ ಇರಲಿ.

ಎರಡನೆಯದು, ಮುಂದಿನ ಗೋಡೆಗೆ ಬಣ್ಣ ತುಂಬುವ ಕೆಲಸ ಈ ಚಳಿಗಾಲ ಶುರುವಾಗುತ್ತದೆ. ಬಣ್ಣಕ್ಕೆ ಜನ ಸಾಕಷ್ಟಿದ್ದಾರೆ, ಸಿಂಕಿಗೆ ಬೇಕು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ನಾನು ತೊಳೆಯುತ್ತೇನೆ, ಆಮೇಲಿನ ಪಾಳಿಗೆ ಇಬ್ಬರು ಬನ್ನಿ. ಅಪ್ಪ ಅಮ್ಮ ಊರಿಂದ ಬಂದಿದ್ದರೆ ದಯವಿಟ್ಟು ಅವರನ್ನೂ ಕರೆತನ್ನಿ. ನನ್ನ ಕಾರಿನಲ್ಲಿ ಮೂರು ಸೀಟು ಖಾಲಿ ಇದೆ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಅಕ್ರಿಲಿಕ್ ಒಣಗಿದರೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.