ಪಠ್ಯ ಮತ್ತು ಪರೀಕ್ಷೆಯ ವಿಷಯದಲ್ಲಿ ಎಸ್‌ಡಿಎಂಸಿ ಎಲ್ಲಿಯವರೆಗೆ ತೀರ್ಮಾನಿಸಬಹುದು?

ಪ್ರಶ್ನೆ: ಎಸ್‌ಡಿಎಂಸಿ ಅಧ್ಯಕ್ಷ, ತುಮಕೂರು ಜಿಲ್ಲೆ

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ನಾನು ಅಧ್ಯಕ್ಷ. ಕಳೆದ ತಿಂಗಳ ಸಭೆಯಲ್ಲಿ ನಾವು ಎರಡು ಠರಾವು ಮಾಡಿದೆವು. ಐದನೇ ತರಗತಿಯ ಪರಿಸರ ಅಧ್ಯಯನದ ಒಂದು ಪಾಠವನ್ನು ಕೈಬಿಟ್ಟು, ಅದರ ಬದಲು ನಮ್ಮೂರ ಕೆರೆ, ತೂಬು ಮತ್ತು ಅಚ್ಚುಕಟ್ಟಿನ ಬಗ್ಗೆ ಕಲಿಸಬೇಕೆಂಬುದು ಮೊದಲನೆಯದು. ಅರ್ಧವಾರ್ಷಿಕ ಪರೀಕ್ಷೆಗೆ ಹೊರಗಿನಿಂದ ಅಚ್ಚಾಗಿ ಬರುವ ಪ್ರಶ್ನೆಪತ್ರಿಕೆ ಬೇಡ, ಪಾಠ ಮಾಡಿದ ಶಿಕ್ಷಕರೇ ಪ್ರಶ್ನೆ ತೆಗೆಯಬೇಕೆಂಬುದು ಎರಡನೆಯದು. ಸಮಿತಿಯ ಕಾರ್ಯದರ್ಶಿಯೂ ಆಗಿರುವ ಮುಖ್ಯ ಶಿಕ್ಷಕರು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದರು. ಆದರೆ ಎರಡೂ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಮರುದಿನವೇ ಹೇಳಿದರು. ಗೋಡೆಗೆ ಸುಣ್ಣ ಹೊಡೆಸುವುದಕ್ಕೆ, ಬಿಸಿಯೂಟದ ರುಚಿ ನೋಡುವುದಕ್ಕೆ ನಾವು ಬೇಕು, ಮಕ್ಕಳು ಏನು ಕಲಿಯಬೇಕೆಂಬ ಮಾತು ಬಂದಾಗ ಬೇಡವೇ? ಕಾನೂನು ನಿಜವಾಗಿ ಏನು ಹೇಳುತ್ತದೆ ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1: ನಿವೃತ್ತ ಶಿಕ್ಷಣ ಇಲಾಖಾ ನೌಕರ

ಅಧ್ಯಕ್ಷರೇ, ನಿಮ್ಮ ಮುಖ್ಯ ಶಿಕ್ಷಕರು ಮೊದಲ ಠರಾವಿನ ವಿಷಯದಲ್ಲಿ ಹೇಳಿದ್ದು ಸರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮಿನ ಪ್ರಕಾರ, ಪ್ರಾಥಮಿಕ ಶಿಕ್ಷಣದ ಪಠ್ಯಕ್ರಮವನ್ನೂ ಮೌಲ್ಯಮಾಪನದ ಕ್ರಮವನ್ನೂ ರೂಪಿಸುವ ಅಧಿಕಾರ ಸರ್ಕಾರವು ಅಧಿಸೂಚನೆಯ ಮೂಲಕ ಗುರುತಿಸುವ ಶೈಕ್ಷಣಿಕ ಪ್ರಾಧಿಕಾರಕ್ಕೆ ಸೇರಿದೆ. ನಮ್ಮ ರಾಜ್ಯದಲ್ಲಿ ಆ ಕೆಲಸ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯದು (ಡಿಎಸ್‌ಇಆರ್‌ಟಿ), ಪುಸ್ತಕ ಅಚ್ಚಾಗಿ ಬರುವುದು ಪಠ್ಯಪುಸ್ತಕ ಸಂಘದಿಂದ. ಅದೇ ಕಾಯ್ದೆಯ 21 ಮತ್ತು 22ನೇ ಕಲಮುಗಳು ನಿಮ್ಮ ಸಮಿತಿಗೆ ಕೊಟ್ಟಿರುವುದು ಶಾಲೆಯ ಕಾರ್ಯನಿರ್ವಹಣೆಯ ಮೇಲುಸ್ತುವಾರಿ, ಅನುದಾನದ ಬಳಕೆಯ ಮೇಲೆ ಕಣ್ಣು ಮತ್ತು ಶಾಲಾಭಿವೃದ್ಧಿ ಯೋಜನೆಯ ತಯಾರಿ. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕೆಂದು ಕಾಯ್ದೆ ಹೇಳುತ್ತದೆಯೇ ಹೊರತು, ಪಾಠ ತೆಗೆಯುವ, ಸೇರಿಸುವ ಮಾತನ್ನು ಎಲ್ಲಿಯೂ ಎತ್ತುವುದಿಲ್ಲ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಶಾಲಾ ಶಿಕ್ಷಣವೂ ಪಂಚಾಯತಿಯ ವಿಷಯವಾಗಿ ಸೇರಿದೆ ಎಂದು ಕೆಲವರು ವಾದಿಸುತ್ತಾರೆ. ವ್ಯವಹಾರದಲ್ಲಿ ಅದು ಕಟ್ಟಡ, ಕೊಠಡಿ, ಅನುದಾನಗಳ ಮಟ್ಟದಲ್ಲಿಯೇ ನಿಂತಿದೆ.

ಪ್ರತಿ ಊರೂ ತನಗೆ ಬೇಡದ ಪಾಠವನ್ನು ಬಿಡುತ್ತಾ ಹೋದರೆ ಏನಾಗುತ್ತದೆಂಬುದನ್ನೂ ಯೋಚಿಸಿ. ಇಂದು ನೀವು ಕೆರೆಯ ಪಾಠ ಕೇಳುತ್ತೀರಿ. ನಾಳೆ ಇನ್ನೊಂದು ಊರಿನ ಬಲಾಢ್ಯರು ಜಾತಿಪದ್ಧತಿಯ ಕುರಿತ ಪಾಠವೇ ಬೇಡ ಎನ್ನಬಹುದು.

ಉತ್ತರ 2: ವಕೀಲೆ, ಧಾರವಾಡ

ಮೇಲಿನ ಹಿರಿಯರ ಮಾತಿನಲ್ಲಿ ಪಠ್ಯದ ಭಾಗವನ್ನು ಒಪ್ಪುತ್ತೇನೆ, ಆದರೆ ಪರೀಕ್ಷೆಯ ವಿಷಯವನ್ನು ಅವರು ಅದೇ ಗಂಟಿಗೆ ಸೇರಿಸಿ ಕಟ್ಟಬಾರದಿತ್ತು. 29ನೇ ಕಲಮು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಬಗ್ಗೆ ಹೇಳುತ್ತದೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವೂ ಮಂಡಳಿಯ ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕಾದ ಅಗತ್ಯವಿಲ್ಲವೆಂದು 30ನೇ ಕಲಮು ಹೇಳುತ್ತದೆ. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಗಳ ಕೊನೆಗೆ ಪರೀಕ್ಷೆಯನ್ನು ತಂದಿತಾದರೂ, ಅದನ್ನು ಶಾಲೆಯೇ ನಡೆಸಬೇಕೋ ರಾಜ್ಯದ ಮಂಡಳಿ ನಡೆಸಬೇಕೋ ಎಂಬ ಪ್ರಶ್ನೆಯೇ ನಮ್ಮ ರಾಜ್ಯದಲ್ಲಿ ಎರಡು ವರ್ಷ ನ್ಯಾಯಾಲಯಗಳನ್ನು ಸುತ್ತಾಡಿತು.

2023ರ ಮಾರ್ಚ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠವು ಆ ಎರಡು ತರಗತಿಗಳ ಮಂಡಳಿ ಮಟ್ಟದ ಪರೀಕ್ಷೆಯ ಸುತ್ತೋಲೆಗಳನ್ನು ರದ್ದುಮಾಡಿತು, ವಿಭಾಗೀಯ ಪೀಠ ಅವಕಾಶ ಕೊಟ್ಟಿತು. ಮರುವರ್ಷ ಒಂಬತ್ತು ಮತ್ತು ಹನ್ನೊಂದನೇ ತರಗತಿಗಳನ್ನೂ ಸೇರಿಸಿಕೊಂಡು ಅದೇ ಕಥೆ ಮರುಕಳಿಸಿತು: 2024ರ ಮಾರ್ಚ್ 6ರಂದು ರದ್ದು, ಮರುದಿನವೇ ಆ ರದ್ದತಿಗೆ ತಡೆಯಾಜ್ಞೆ, ಪರೀಕ್ಷೆ ಆರಂಭವಾದ ಮೇಲೆ ಸುಪ್ರೀಂ ಕೋರ್ಟಿನಿಂದ ನಿಲುಗಡೆ, ಮಾರ್ಚ್ 22ರಂದು ವಿಭಾಗೀಯ ಪೀಠದ ಸಮ್ಮತಿ, ಏಪ್ರಿಲ್ 8ರಂದು ಸುಪ್ರೀಂ ಕೋರ್ಟಿನಿಂದ ಆ ತೀರ್ಪಿಗೆ ತಡೆ. ಹತ್ತು ವರ್ಷದ ಮಕ್ಕಳು ಅರ್ಧ ಪರೀಕ್ಷೆ ಬರೆದು, ಉಳಿದ ಅರ್ಧಕ್ಕೆ ಕಾಯುತ್ತಾ ಕುಳಿತಿದ್ದರು. ವಾದದ ಒಂದು ಮುಖ್ಯ ಎಳೆ, ಇಂಥ ದೊಡ್ಡ ಬದಲಾವಣೆಯನ್ನು ಕರಡು ಪ್ರಕಟಿಸಿ, ಆಕ್ಷೇಪಣೆ ಆಹ್ವಾನಿಸಿ, ನಿಯಮದ ರೂಪದಲ್ಲಿ ತರಬೇಕೇ ಅಥವಾ ಕಚೇರಿಯ ಆದೇಶವೇ ಸಾಕೇ ಎಂಬುದಾಗಿತ್ತು. ಅಧ್ಯಕ್ಷರೇ, ಊರಿನ ದನಿಗೆ ಕಾನೂನಿನಲ್ಲಿರುವ ಬಾಗಿಲು ಅದೇ: ಕರಡು ನಿಯಮ ಬಂದಾಗ ನಿಮ್ಮ ಸಮಿತಿ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಎಷ್ಟು ಸಮಿತಿಗಳು ಸಲ್ಲಿಸಿವೆ ಎಂದು ಮಾತ್ರ ಕೇಳಬೇಡಿ.

ಉತ್ತರ 3: ಪ್ರಾಥಮಿಕ ಶಾಲಾ ಶಿಕ್ಷಕಿ, ಮೈಸೂರು ಜಿಲ್ಲೆ

ಕಾನೂನು ತಿಳಿದವರ ನಡುವೆ ಒಂದು ಮಾತು ಸೇರಿಸಲು ಅನುಮತಿ ಕೊಡಿ. ಪಠ್ಯ ಮೇಲಿನಿಂದಲೇ ಬರುತ್ತದೆಂಬುದು ಯಾವಾಗಲೂ ನಿಜವಲ್ಲ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಬಳಕೆಗೆ ಬಂದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಕ್ರಮ 1995ರಲ್ಲಿ ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದ ಶಿಕ್ಷಕರು, ಪಠ್ಯಪುಸ್ತಕದ ವಿಷಯವನ್ನೇ ಚಿಕ್ಕಚಿಕ್ಕ ಮೆಟ್ಟಿಲುಗಳಾಗಿ ಬಿಡಿಸಿ, ಕಲಿಕಾ ಕಾರ್ಡುಗಳನ್ನು ತಾವೇ ತಯಾರಿಸಿದರು. ಮಕ್ಕಳು ‘ತಟ್ಟೆ’ ಎಂದು ಕರೆಯುವ ಗುಂಪುಗಳಾಗಿ ಕುಳಿತು ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುತ್ತಿದ್ದರು. ಮೌಲ್ಯಮಾಪನದ ಕಾರ್ಡು ಆ ಮೆಟ್ಟಿಲುಗಳಲ್ಲಿಯೇ ಒಂದಾಗಿತ್ತು, ಪರೀಕ್ಷೆ ಎಂಬ ಬೇರೆ ದಿನವೇ ಇರಲಿಲ್ಲ. 2009–10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಹರಡಿದ ಮೇಲೆ ಕಾರ್ಡುಗಳು ಅಚ್ಚಾಗಿ ಮೇಲಿನಿಂದ ಬರತೊಡಗಿದವು, ಅವುಗಳನ್ನು ತಿದ್ದುವ ಅಭ್ಯಾಸ ನಮ್ಮಂಥವರ ಕೈತಪ್ಪಿತು ಎಂಬುದು ನನ್ನ ಅನಿಸಿಕೆ.

ನಿಮ್ಮ ಕೆರೆಯ ವಿಷಯಕ್ಕೆ ಯಾವ ಪಾಠವನ್ನೂ ಕೈಬಿಡಬೇಕಾಗಿಲ್ಲ. ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಕಲಿಕೆಯ ನಡುವೆಯೇ ನಡೆಯುವ ಮೌಲ್ಯಮಾಪನದ, ಚಟುವಟಿಕೆಗಳನ್ನು ಆರಿಸುವವರು ತರಗತಿಯ ಶಿಕ್ಷಕರೇ. ನೀರಿನ ಪಾಠ ನಡೆಯುವ ವಾರದಲ್ಲಿ ಮಕ್ಕಳನ್ನು ತೂಬಿನ ಬಳಿ ಕರೆದೊಯ್ದು, ನೀರುಗಂಟಿಯವರಿಂದ ನೀರು ಹಂಚುವ ಸರದಿಯ ಲೆಕ್ಕ ಕೇಳಿಸಿ, ಅದನ್ನೇ ಚಟುವಟಿಕೆಯಾಗಿ ದಾಖಲಿಸಬಹುದು. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯ ಅಪ್ಪಣೆ ಬೇಕೆಂದು ನಾನು ಕೇಳಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಅಚ್ಚಾದ ಪ್ರಶ್ನೆಪತ್ರಿಕೆಯ ವಿಷಯವನ್ನು ಹಾಗಾದರೆ ಏನೆಂದು ಬರೆಯಲಿ?

ಉತ್ತರ 1ರವರ ಮರುಬರಹ

ಮೊದಲ ಠರಾವನ್ನು ಹಿಂದಕ್ಕೆ ಪಡೆದು, ಶಿಕ್ಷಕಿಯವರು ಹೇಳಿದಂತೆ ಶಾಲಾಭಿವೃದ್ಧಿ ಯೋಜನೆಯಲ್ಲಿ ಕೆರೆಯ ಭೇಟಿಯನ್ನು ಸೇರಿಸಿ. ಎರಡನೆಯದರಲ್ಲಿ ‘ಬೇಡ’ ಎಂಬ ಪದ ತೆಗೆಯಿರಿ. ಪ್ರಶ್ನೆಪತ್ರಿಕೆ ಎಲ್ಲಿಂದ ಬಂತು, ಅದರ ಹಣ ಯಾವ ಅನುದಾನದಿಂದ ಹೋಯಿತು, ಪಾಠ ಆಗದ ಭಾಗದಿಂದ ಎಷ್ಟು ಪ್ರಶ್ನೆ ಬಂದಿವೆ ಎಂಬ ಮೂರನ್ನು ಮುಂದಿನ ಸಭೆಯಲ್ಲಿ ಮಂಡಿಸುವಂತೆ ಮುಖ್ಯ ಶಿಕ್ಷಕರನ್ನು ಕೋರಿದೆ ಎಂದು ಬರೆಯಿರಿ. ಅನುದಾನದ ಲೆಕ್ಕ ಕೇಳುವುದು ನಿಮ್ಮ ವ್ಯಾಪ್ತಿಯಲ್ಲಿಯೇ ಇದೆ. ಸಮುದಾಯದತ್ತ ಶಾಲೆ ಕಾರ್ಯಕ್ರಮದ ದಿನ ಪೋಷಕರೆಲ್ಲ ಬಂದು ಮಕ್ಕಳ ಉತ್ತರಪತ್ರಿಕೆಗಳನ್ನು ಕೈಯಲ್ಲಿ ಹಿಡಿದು ನೋಡಲಿ. ನಡಾವಳಿಯ ಒಂದು ಪ್ರತಿಯನ್ನು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯವರ (ಸಿಆರ್‌ಪಿ) ಮೂಲಕ ಬಿಇಒ ಕಚೇರಿಗೆ ಕಳುಹಿಸಿ, ಸ್ವೀಕೃತಿ ಪಡೆಯಲು ಮರೆಯಬೇಡಿ.