ಪದಚರ್ಚೆ: ‘ಸೌಂಡ್‌ಸ್ಟೇಜ್’ಗೂ ‘ಇಮೇಜಿಂಗ್’ಗೂ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಓಪನ್ ಬ್ಯಾಕ್ ಹೆಡ್‌ಫೋನ್ ಒಂದರ ಬಗ್ಗೆ ಕನ್ನಡದಲ್ಲಿ ವಿಮರ್ಶೆ ಬರೆಯುತ್ತಿದ್ದೇನೆ. ಹಾಡು ಕೇಳಲು ಹೇಗಿದೆ, ಗೇಮ್ ಆಡಲು ಹೇಗಿದೆ, ಎರಡನ್ನೂ ಹೇಳಬೇಕು. ಬರವಣಿಗೆ ಎರಡು ಪದಗಳ ಹತ್ತಿರ ಬಂದು ನಿಂತಿದೆ: ಸೌಂಡ್‌ಸ್ಟೇಜ್ (ಸದ್ದು ಎಷ್ಟು ಅಗಲ, ಎಷ್ಟು ದೂರ ಹರಡಿದಂತೆ ಅನ್ನಿಸುತ್ತದೆ ಅನ್ನುವುದು) ಮತ್ತು ಇಮೇಜಿಂಗ್ (ಅದರೊಳಗೆ ಯಾವ ಸದ್ದು ಎಲ್ಲಿದೆ ಅಂತ ಗೊತ್ತಾಗುವುದು). ಹಾಗೇ ಕನ್ನಡ ಲಿಪಿಯಲ್ಲಿ ಬರೆದು ಮುಂದೆ ಹೋಗಬಹುದು, ತಪ್ಪೇನಿಲ್ಲ. ಆದರೆ ಇಂಗ್ಲಿಷ್‌ನಲ್ಲೇ ಜನ ಇವೆರಡನ್ನು ಅದಲುಬದಲು ಮಾಡುತ್ತಾರೆ. ಗೇಮ್ ಆಡುವವರು ‘ಸೌಂಡ್‌ಸ್ಟೇಜ್ ಸಕತ್ತಾಗಿದೆ’ ಅಂದಾಗ ಬಹಳ ಸಲ ಅವರ ಮನಸ್ಸಿನಲ್ಲಿರುವುದು ಇಮೇಜಿಂಗ್. ಪದದ ಜೊತೆಗೆ ಆ ಗೊಂದಲವನ್ನೂ ಕನ್ನಡಕ್ಕೆ ತರುವುದು ಬೇಡ ಅನ್ನಿಸಿ ಇಲ್ಲಿ ಕೇಳುತ್ತಿದ್ದೇನೆ.

ಸುಲಭದ್ದು ಮೊದಲು ಮುಗಿಸೋಣ. ‘ಓಪನ್ ಬ್ಯಾಕ್’ಗೆ ‘ತೆರೆದ ಬೆನ್ನಿನ’ ಅನ್ನಬಹುದೇ ಅಂದರೆ, ಅದು ದರ್ಜಿಯ ಮಾತಿನಂತೆ ಕೇಳಿಸುತ್ತದೆ. ಇಲ್ಲಿ ನಿಜವಾಗಿ ತೆರೆದಿರುವುದು ಕಿವಿಯ ಮೇಲೆ ಕೂರುವ ಬಟ್ಟಲಿನ ಹೊರಮೈ. ಅಲ್ಲಿ ಗಟ್ಟಿ ಗೋಡೆ ಇರುವುದಿಲ್ಲ, ಜಾಲರಿ ಇರುತ್ತದೆ. ಒಳಗಿನ ತೆಳು ಹಾಳೆ ಅಲುಗಿದಾಗ ಸದ್ದು ಎರಡೂ ಕಡೆ ಹೊರಡುತ್ತದೆ: ಒಂದು ಕಿವಿಗೆ, ಇನ್ನೊಂದು ಹಿಂದಕ್ಕೆ. ಮುಚ್ಚಿದ ಬಟ್ಟಲಾದರೆ ಹಿಂದಕ್ಕೆ ಹೋದದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಜಾಲರಿ ಇದ್ದರೆ ಹೊರಗೆ ಹೋಗಿಬಿಡುತ್ತದೆ. ಹಾಗಾಗಿ ಬಟ್ಟಲೊಳಗೆ ಗುಂಯ್‌ಗುಡುವುದು ಕಡಿಮೆ. ಹಾಗಾಗಿಯೇ ಪಕ್ಕದಲ್ಲಿ ಕೂತವರಿಗೂ ನಿಮ್ಮ ಹಾಡು ಕೇಳಿಸುತ್ತದೆ, ಹೊರಗಿನ ಫ್ಯಾನಿನ ಸದ್ದು ನಿಮಗೂ ಕೇಳಿಸುತ್ತದೆ, ಹತ್ತಿರ ಮೈಕ್ ಇದ್ದರೆ ಗೇಮಿನ ಸದ್ದನ್ನು ಅದೂ ಹಿಡಿದುಕೊಳ್ಳುತ್ತದೆ. ಈ ಬಗೆಯ ಹೆಡ್‌ಫೋನ್ ಜನರಿಗೆ ಪರಿಚಯವಾದದ್ದು 1968ರಲ್ಲಿ, ಸೆನ್‌ಹೈಸರ್ ಕಂಪನಿಯ ಎಚ್‌ಡಿ 414 ಮಾದರಿಯಿಂದ. ನಾನು ಸುಮ್ನೆ ‘ತೆರೆದ ಹೆಡ್‌ಫೋನ್’, ‘ಮುಚ್ಚಿದ ಹೆಡ್‌ಫೋನ್’ ಅಂತ ಬರೆಯುತ್ತಿದ್ದೇನೆ. ನಡುವಿನದಕ್ಕೆ ‘ಅರೆತೆರೆದ’. ಸದ್ದು ಹೊರಬರುವುದಕ್ಕೆ ‘ಸೋರುವುದು’ ಅನ್ನುವ ಮಾತು ಆಗಲೇ ಇದೆ. ಇಲ್ಲಿಯವರೆಗೆ ತಕರಾರಿಲ್ಲ ಅಲ್ವಾ?

ಈಗ ಸೌಂಡ್‌ಸ್ಟೇಜ್. ಹೆಡ್‌ಫೋನ್ ಹಾಕಿದಾಗ ಸಂಗೀತ ಎಷ್ಟು ದೂರ, ಎಷ್ಟು ಅಗಲ ಹರಡಿದಂತೆ ಅನ್ನಿಸುತ್ತದೆ ಅನ್ನುವುದು ಅದರ ಅರ್ಥ. ‘ಅನ್ನಿಸುತ್ತದೆ’ ಅನ್ನುವುದು ಇಲ್ಲಿ ಮುಖ್ಯ. ಸ್ಪೀಕರ್ ಮುಂದೆ ಕೂತರೆ ಎಡ ಸ್ಪೀಕರಿನ ಸದ್ದು ಬಲಗಿವಿಗೂ ಬರುತ್ತದೆ, ಸ್ವಲ್ಪ ತಡವಾಗಿ, ಸ್ವಲ್ಪ ಮೆತ್ತಗೆ. ಪೂರಾ ಒಂದು ಪಕ್ಕದಿಂದ ಬಂದ ಸದ್ದಿಗೂ ಎರಡು ಕಿವಿಗಳ ನಡುವಿನ ಸಮಯದ ವ್ಯತ್ಯಾಸ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆ, ಸುಮಾರು 0.7 ಮಿಲಿಸೆಕೆಂಡ್. ಅಷ್ಟರಲ್ಲೇ ಮಿದುಳು ಸದ್ದಿನ ಕಡೆಯನ್ನು ಲೆಕ್ಕ ಹಾಕಿಬಿಡುತ್ತದೆ. ಕೆಳದನಿಗಳಿಗೆ ಈ ಸಮಯದ ವ್ಯತ್ಯಾಸ ಆಧಾರ, ಮೇಲುದನಿಗಳಿಗೆ ತಲೆ ಅಡ್ಡ ಬಂದು ಆಗುವ ಜೋರಿನ ವ್ಯತ್ಯಾಸ ಆಧಾರ ಅಂತ 1907ರಲ್ಲೇ ಭೌತವಿಜ್ಞಾನಿ ಲಾರ್ಡ್ ರೇಲಿ ವಿವರಿಸಿದ್ದರು. ಸ್ಪೀಕರಿನಂತೆ ಒಂದು ಕಡೆಯ ಸದ್ದು ಇನ್ನೊಂದು ಕಿವಿಗೂ ಬರುವ ಬೆರಕೆ ಹೆಡ್‌ಫೋನಿನಲ್ಲಿ ಇಲ್ಲ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಅದಕ್ಕೇ ಗಾಯಕಿ ತಲೆಯೊಳಗೇ ಕೂತು ಹಾಡಿದಂತೆ ಕೇಳಿಸುತ್ತದೆ. ತೆರೆದ ಹೆಡ್‌ಫೋನ್ ಆ ಕಟ್ಟಿಹಾಕಿದ ಅನುಭವವನ್ನು ಸ್ವಲ್ಪ ಸಡಿಲಿಸುತ್ತದೆ. ಪೂರ್ತಿ ಹೋಗಲಾಡಿಸುವುದಿಲ್ಲ, ಯಾರು ಏನೇ ಹೊಗಳಲಿ.

ಇದಕ್ಕೆ ‘ಧ್ವನಿವೇದಿಕೆ’ ಅಂದರೆ ನೇರವಾದ ಅನುವಾದ. ನನಗಂತೂ ಅದನ್ನು ಓದಿದರೆ ಹಾರ, ಮೈಕು, ಅಧ್ಯಕ್ಷರ ಭಾಷಣ ಕಣ್ಣಿಗೆ ಬರುತ್ತವೆ. ‘ನಾದರಂಗ’ ಕೇಳಲು ಇಂಪಾಗಿದೆ, ಆದರೆ ನಾದರಂಗದಲ್ಲಿ ಬಂದೂಕು ಹಾರಿಸಲು ಆಗುವುದಿಲ್ಲ. ‘ವಿಸ್ತಾರ’ ಒಳ್ಳೆಯ ಪದವೇ. ಆದರೆ ಸಂಗೀತದ ಬಗ್ಗೆ ಬರೆಯುವಾಗ ‘ವಿಸ್ತಾರ ಚೆನ್ನಾಗಿದೆ’ ಅಂದರೆ ಓದುಗರು ಗಾಯಕರು ರಾಗವನ್ನು ಬೆಳೆಸಿದ ರೀತಿ ಅಂದುಕೊಳ್ಳುತ್ತಾರೆ. ಕೊನೆಗೆ ನಾನು ಹಿಡಿದದ್ದು ‘ಹರವು’. ನದಿಯ ಹರವು, ಬಯಲಿನ ಹರವು ಅನ್ನುತ್ತೇವಲ್ಲ, ಅದೇ. ಅದಕ್ಕೊಂದು ಅನುಕೂಲವಿದೆ, ಅದು ಕ್ರಿಯಾಪದವೂ ಹೌದು: ಕಾಳು ಹರವುತ್ತೇವೆ. ‘ದನಿಯ ಹರವು ಕಿರಿದು’ ಅಂದರೆ ವಿವರಣೆ ಬೇಕಾಗುವುದಿಲ್ಲ. ಒಂದೇ ಅನುಮಾನ: ಹರವು ಅಂದರೆ ಅಗಲ ಮಾತ್ರ ತೋರುತ್ತದೆಯೋ, ಆಳವೂ ಸೇರುತ್ತದೆಯೋ? ಸಂಗೀತ ಕೇಳುವವರಿಗೆ ಹಾಡುವವರು ಮುಂದೆ, ತಾಳವಾದ್ಯ ಹಿಂದೆ ಅನ್ನುವ ಆಳವೂ ಬೇಕು.

ಇಮೇಜಿಂಗ್ ಬೇರೆ. ಹರವಿನೊಳಗೆ ಯಾವ ಸದ್ದು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಆಗುತ್ತದೆಯೇ ಅನ್ನುವುದು ಅದು. ಒಂದಿದ್ದರೆ ಇನ್ನೊಂದು ಇರಲೇಬೇಕು ಅಂತೇನಿಲ್ಲ. ದೊಡ್ಡ ಹರವಿದ್ದೂ ಎಲ್ಲವೂ ಮಂಜಿನಲ್ಲಿ ತೇಲಿದಂತೆ ಕೇಳಿಸಬಹುದು. ಹರವು ಚಿಕ್ಕದಿದ್ದೂ ಒಂದೊಂದು ವಾದ್ಯ ಅದರದರ ಜಾಗದಲ್ಲಿ ಅಲುಗದೆ ಕೂತಿರಬಹುದು. ಸೆನ್‌ಹೈಸರ್‌ನ ಎಚ್‌ಡಿ 600 ಬಂದದ್ದು 1997ರಲ್ಲಿ. ಇವತ್ತಿಗೂ ಹಾಡುಗಾರರ ಕಂಠ ಅದರಲ್ಲಿ ಸಹಜವಾಗಿ ಕೇಳಿಸುತ್ತದೆ ಅಂತ ಮೆಚ್ಚುವವರಿದ್ದಾರೆ, ಆದರೆ ಹರವು ಸಾಲದು ಅನ್ನುವ ದೂರೂ ಅಷ್ಟೇ ಹಳೆಯದು. ಆಡಿಯೋ ಟೆಕ್ನಿಕಾದ ಎಡಿ 700 ಎಕ್ಸ್ ಹೆಡ್‌ಫೋನಿನ ಕಥೆ ತಿರುಗಾಮುರುಗಾ. ಕೆಳದನಿ ತೀರಾ ತೆಳುವು ಅಂತ ಸಂಗೀತದವರು ಮೂಗು ಮುರಿಯುತ್ತಾರೆ, ಗೇಮ್ ಆಡುವವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಕಾರಣ ಸರಳ. ಜೋರಾದ ಕೆಳದನಿ ತನಗಿಂತ ಮೇಲಿನ ಸಣ್ಣ ಸದ್ದುಗಳನ್ನು ಮುಚ್ಚಿಹಾಕುತ್ತದೆ. ಬಾಂಬಿನ ಗುಡುಗು ಕಡಿಮೆಯಾದರೆ ಹೆಜ್ಜೆ ಸಪ್ಪಳ ಉಳಿದುಕೊಳ್ಳುತ್ತದೆ.

ಗಮನಿಸಿ, ‘ಹೆಜ್ಜೆ ಸಪ್ಪಳ’ ಅಂದೆ. ಹೆಜ್ಜೆಗೆ ದನಿ ಇಲ್ಲ, ನಾದವಂತೂ ಇಲ್ಲ. ಕಂಠಕ್ಕೆ ದನಿ, ವೀಣೆಗೆ ನಾದ, ಬಂದೂಕಿಗೆ ಸದ್ದು, ಹೆಜ್ಜೆಗೆ ಸಪ್ಪಳ. ಇಂಗ್ಲಿಷ್‌ನವರು ‘ಸೌಂಡ್’ ಅನ್ನುವ ಒಂದೇ ಪದದಲ್ಲಿ ಇದನ್ನೆಲ್ಲ ಸಾಗಿಸುತ್ತಾರೆ. ನಾವು ‘ಧ್ವನಿ’ ಅಂತ ಒಂದನ್ನೇ ಹಿಡಿದು ಎಲ್ಲಕ್ಕೂ ಅಂಟಿಸಬೇಕಾಗಿಲ್ಲ. (ಉತ್ತರ ಕರ್ನಾಟಕದ ಗೆಳೆಯರು ಯಾವ ಸದ್ದಿಗೂ ಸಪ್ಪಳ ಅನ್ನಬಹುದು, ಅವರು ತಿದ್ದಲಿ.)

ಹಾಗಾಗಿ ಇಮೇಜಿಂಗ್‌ಗೆ ಒಂದೇ ಪದ ಬೇಕೇ ಅನ್ನುವುದೇ ನನ್ನ ಅನುಮಾನ. ‘ಬಿಂಬ’, ‘ಬಿಂಬನ’ ಅಂತ ಹೊಸೆಯಬಹುದು, ಆದರೆ ಬಿಂಬ ಕಣ್ಣಿನ ಮಾತು. ಸಂಗೀತಕ್ಕೆ ‘ಜಾಗ’ ಸಾಕು ಅನ್ನಿಸುತ್ತದೆ: ‘ಪಿಟೀಲಿನ ಜಾಗ ಸ್ಪಷ್ಟವಾಗಿದೆ’. ‘ಠಾವು’ ಇನ್ನೂ ಚೆಂದ, ಆದರೆ ಈಗಿನ ಹುಡುಗರು ಹುಬ್ಬೇರಿಸುತ್ತಾರೆ. ಗೇಮ್ ಆಡುವವರಿಗೆ ಜಾಗ ಸಾಲದು. ಅವರಿಗೆ ಬೇಕಾದದ್ದು ಸುಳಿವು. ಎದುರಾಳಿ ಗೋಡೆಯ ಹಿಂದೆ ನಡೆಯುತ್ತಿದ್ದಾನೆ, ಎಡದಿಂದ ಬಲಕ್ಕೆ ಸರಿಯುತ್ತಿದ್ದಾನೆ, ಸಪ್ಪಳದ ಜಾಡು ಹಿಡಿಯಬೇಕು. ‘ಜಾಡು’ ಇಲ್ಲಿ ಎಷ್ಟು ಚೆನ್ನಾಗಿ ಒಗ್ಗುತ್ತದೆ ನೋಡಿ! ನಿಂತ ಸದ್ದಿಗೆ ದಿಕ್ಕು ಮತ್ತು ದೂರ, ಚಲಿಸುವ ಸದ್ದಿಗೆ ಜಾಡು. ಒಂದು ಇಂಗ್ಲಿಷ್ ಪದಕ್ಕೆ ಮೂರು ಕನ್ನಡ ಪದ ಬಂದರೆ ಅದು ಬಡತನವೇನಲ್ಲ. ವಿಮರ್ಶೆಯ ಎರಡು ಭಾಗಗಳಲ್ಲಿ ಎರಡು ಬೇರೆ ಮಾತು ಬಳಸಿದರೆ ಯಾವುದನ್ನು ಹೊಗಳುತ್ತಿದ್ದೇನೆ ಅನ್ನುವುದೂ ತಾನಾಗಿ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಎಡ, ಬಲ ಹೇಳುವುದು ಹೆಡ್‌ಫೋನಿಗೆ ಸುಲಭ. ಮುಂದೆ, ಹಿಂದೆ ಕಷ್ಟ. ನೇರ ಮುಂದಿನ ಸದ್ದೂ ನೇರ ಹಿಂದಿನ ಸದ್ದೂ ಎರಡು ಕಿವಿಗೂ ಒಂದೇ ಸಮಯಕ್ಕೆ ಮುಟ್ಟುತ್ತವೆ. ನಿಜ ಜೀವನದಲ್ಲಿ ಹೊರಗಿವಿಯ ಮಡಿಕೆಗಳು ಸದ್ದನ್ನು ಸ್ವಲ್ಪ ಬದಲಿಸುತ್ತವೆ, ನಾವು ತಲೆಯನ್ನೂ ಸ್ವಲ್ಪ ತಿರುಗಿಸುತ್ತೇವೆ, ಅದರಿಂದ ಗೊತ್ತಾಗುತ್ತದೆ. ಗೇಮಿನಲ್ಲಿ ಆ ಬದಲಾವಣೆಯನ್ನು ಸಾಫ್ಟ್‌ವೇರ್ ಲೆಕ್ಕ ಹಾಕಿ ಸೇರಿಸುತ್ತದೆ. ಎಲ್ಲರ ಕಿವಿ ಒಂದೇ ಆಕಾರದಲ್ಲಿ ಇರುವುದಿಲ್ಲವಾದ್ದರಿಂದ ಒಬ್ಬರಿಗೆ ಸರಿಯಾಗಿ ಕೇಳಿಸಿದ್ದು ಇನ್ನೊಬ್ಬರಿಗೆ ದಿಕ್ಕು ತಪ್ಪಿಸುತ್ತದೆ. ಆದ್ದರಿಂದ ‘ಹಿಂದಿನ ಸಪ್ಪಳ ಹಿಂದೆಯೇ ಕೇಳಿಸಿತು’ ಅನ್ನುವ ಹೊಗಳಿಕೆಯನ್ನು ಪೂರಾ ಹೆಡ್‌ಫೋನಿನ ಲೆಕ್ಕಕ್ಕೆ ಬರೆಯಬಾರದು.

ಇನ್ನು ದನಿಯ ಗುಣ ಹೇಳುವ ಪದಗಳು. ಇಲ್ಲಿ ನಮಗೆ ಬರವಿಲ್ಲ, ಅನುವಾದ ಮಾಡಲು ಹೊರಟಾಗ ಮಾತ್ರ ಬರ ಬಂದಂತಾಗುತ್ತದೆ. ‘ವಾರ್ಮ್’ ಅಂದದ್ದನ್ನು ‘ಬೆಚ್ಚಗಿನ ದನಿ’ ಅಂದರೆ ಪ್ರೀತಿಯ ಮಾತಾಗುತ್ತದೆ. ‘ತುಂಬು ದನಿ’ ಅನ್ನಿ, ಮುಗಿಯಿತು. ‘ಬ್ರೈಟ್’ಗೆ ಪ್ರಕಾಶ ಬೇಡ, ‘ಮೊನಚು’ ಸಾಕು. ಜಾಸ್ತಿಯಾದರೆ ‘ಕಿವಿ ಚುಚ್ಚುತ್ತದೆ’. ‘ಡಾರ್ಕ್’ಗೆ ‘ಮಂಕು’. ‘ಮಡ್ಡಿ’ಗೆ ‘ರಾಡಿ’, ಇದು ಹೇಳಿ ಮಾಡಿಸಿದ ಹಾಗಿದೆ. ‘ಸಿಬಿಲೆನ್ಸ್’ ಬಗ್ಗೆ ಮಾತ್ರ ಕೇಳಬೇಕು. ಶ, ಷ, ಸ ಅಕ್ಷರಗಳು ಚುರ್ರೆಂದು ಸಿಡಿಯುವ ದೋಷ ಅದು, ಸುಮಾರು 5,000ದಿಂದ 10,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ನಡುವೆ. ಬೇಯರ್‌ಡೈನಾಮಿಕ್‌ನ ಡಿಟಿ 990 ಪ್ರೊ ಹೆಡ್‌ಫೋನ್ ಬಗ್ಗೆ ಇದೇ ದೂರು ಜಾಸ್ತಿ. ನಮ್ಮ ವ್ಯಾಕರಣದಲ್ಲಿ ಇವುಗಳಿಗೆ ‘ಊಷ್ಮ’ ಅನ್ನುತ್ತಾರೆ, ಆದರೆ ಹಕಾರವನ್ನೂ ಅದರಲ್ಲೇ ಸೇರಿಸುತ್ತಾರೆ, ಹಕಾರ ಯಾರ ಕಿವಿಯನ್ನೂ ಚುಚ್ಚುವುದಿಲ್ಲ. ‘ಸಕಾರ ಸಿಡಿಯುತ್ತದೆ’ ಅಂದರೆ ಹೇಗೆ?

ಬೇಸ್ (ಕೆಳದನಿ), ಟ್ರೆಬಲ್ (ಮೇಲುದನಿ) ಪದಗಳನ್ನು ಸಂಗೀತದ ಕೆಳ, ಮೇಲಿನ ಸ್ಥಾಯಿಗಳಾದ ‘ಮಂದ್ರ’, ‘ತಾರ’ ಮಾಡೋಣ ಅಂತ ಯಾರಾದರೂ ಹೇಳುವ ಮೊದಲೇ ನನ್ನ ತಕರಾರು ಹೇಳಿಬಿಡುತ್ತೇನೆ. ಮಂದ್ರ ಹಾಡುವವರ ಶ್ರುತಿಗೆ ತಕ್ಕಂತೆ ಬದಲಾಗುತ್ತದೆ. ಬೇಸ್ ಹಾಗಲ್ಲ, ಸುಮಾರು 20ರಿಂದ 250 ಹರ್ಟ್ಸ್, ಯಾರು ಹಾಡಿದರೂ ಅಷ್ಟೇ. ಇವೆರಡೂ ಇಂಗ್ಲಿಷ್‌ನಲ್ಲೇ ಇರಲಿ. ಆದರೆ ದಯವಿಟ್ಟು ‘ಬಾಸ್’ ಅಂತ ಬರೆಯಬೇಡಿ. ‘ಈ ಹೆಡ್‌ಫೋನಿನಲ್ಲಿ ಬಾಸ್ ಕಾಟ ಜಾಸ್ತಿ’ ಅಂತ ಓದಿದರೆ ಆಫೀಸೇ ನೆನಪಾಗುತ್ತದೆ.

ವಿಮರ್ಶೆಯ ಒಂದು ತುಂಡು ಕೆಳಗಿದೆ. ಯಾವ ಪದ ತೊಡರುತ್ತದೆ ಹೇಳಿ:

‘ದನಿ ಕಿವಿಯಾಚೆಗೂ ಹರವಿಕೊಳ್ಳುತ್ತದೆ, ಆದರೆ ಆಳ ಕಡಿಮೆ. ಕಂಠ ತುಂಬಿಕೊಂಡು ಕೇಳಿಸುತ್ತದೆ. ತಂಬೂರಿ ಎಲ್ಲೂ ರಾಡಿಯಾಗದೆ ಹಿಂದೆ ನಿಲ್ಲುತ್ತದೆ. ಸಕಾರ ಅಲ್ಲಲ್ಲಿ ಸಿಡಿಯುತ್ತದೆ, ಸಹಿಸಬಹುದು. ತೀರಾ ಕೆಳಗಿನ ಬೇಸ್ ಬೇಗ ಬತ್ತಿಹೋಗುತ್ತದೆ, ಬಾಂಬು ಬಿದ್ದರೆ ಎದೆ ನಡುಗುವುದಿಲ್ಲ. ಅದರಿಂದಲೇ ಸಪ್ಪಳದ ಜಾಡು ಸುಲಭವಾಗಿ ಸಿಗುತ್ತದೆ. ಎಡ, ಬಲದ ದಿಕ್ಕು ಖಚಿತ. ದೂರ ಅಷ್ಟು ಖಚಿತವಲ್ಲ: ಹತ್ತಿರದವನೂ ಪಕ್ಕದ ಕೋಣೆಯವನೂ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಕೇಳಿಸುತ್ತಾರೆ.’

‘ಹರವಿಕೊಳ್ಳುತ್ತದೆ’ ನಿಮ್ಮ ಕಡೆ ಬಳಕೆಯಲ್ಲಿದೆಯೇ, ಇಲ್ಲ ‘ಹರಡಿಕೊಳ್ಳುತ್ತದೆ’ ಅನ್ನಬೇಕೇ? ನೀವು ಗೇಮ್ ಆಡುವವರಾದರೆ, ಆಡುವಾಗ ಜೊತೆಯವರಿಗೆ ಎದುರಾಳಿ ಎಲ್ಲಿದ್ದಾನೆ ಅಂತ ಕನ್ನಡದಲ್ಲಿ ಹೇಗೆ ಕೂಗಿ ಹೇಳುತ್ತೀರಿ ಅನ್ನುವುದನ್ನೂ ಬರೆಯಿರಿ. ಆ ಆತುರದಲ್ಲಿ ಬಾಯಿಗೆ ಬರುವ ಮಾತಿನಲ್ಲೇ ನನಗೆ ಬೇಕಾದ ಪದ ಇರಬಹುದು.