ಗ್ಯಾಸ್ ಹಡಗು ಹತ್ತುವ ಮೊದಲು: ಶನಿವಾರದ ಅಹವಾಲು ಸಭೆಗೆ ಏನು ಕೇಳೋಣ?

ಮನೆ 12:
ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 10ಕ್ಕೆ ಗ್ಯಾಸ್ ರಫ್ತು ಯೋಜನೆಯ ಅಹವಾಲು ಸಭೆ. ನಮ್ಮ ಸುತ್ತಲಿನ ಬಾವಿಗಳ ಗ್ಯಾಸ್ ಇನ್ನು ಕರಾವಳಿಯ ಘಟಕಕ್ಕೆ ಹೋಗುತ್ತದೆ. ಅಲ್ಲಿ ಮೈನಸ್ 162 ಡಿಗ್ರಿಗೆ ತಂಪು ಮಾಡಿದರೆ ಅದು ದ್ರವವಾಗಿ, 600ರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಇಳಿಯುತ್ತದೆ. ಆಮೇಲೆ ಹಡಗಿಗೆ ತುಂಬುತ್ತಾರೆ. ಕಂಪನಿಯವರು ಹಂಚಿದ ಹಾಳೆಯಲ್ಲಿ ಉದ್ಯೋಗ, ಸಮುದಾಯ ಭವನ, ಆಟದ ಮೈದಾನ ಎಲ್ಲ ಇದೆ. ಬಾಡಿಗೆ, ರಸ್ತೆ, ನೀರು, ತೆರಿಗೆ ಬಗ್ಗೆ ಒಂದು ಸಾಲೂ ಇಲ್ಲ. ನಾವೇನು ಕೇಳಬೇಕು ಅಂತ ಇಲ್ಲೇ ಮಾತಾಡಿಕೊಂಡು ಹೋಗೋಣ.

ಮನೆ 31:
ಬಾಡಿಗೆಯಿಂದಲೇ ಶುರು ಮಾಡಿ ಸರ್. ಪೈಪ್ ಹಾಕುವವರು ಬಂದಮೇಲೆ ಮಾಲೀಕರು ನಮಗೆ ಎರಡು ಸಲ ಏರಿಸಿದ್ದಾರೆ. ನಿನ್ನೆ ಬಾಗಿಲ ಸಂದಿಯಲ್ಲಿ ಒಂದು ಚೀಟಿ ಇತ್ತು. ನೋಟ್‌ಬುಕ್ಕಿನಿಂದ ಹರಿದ ಹಾಳೆ, ಮಾಲೀಕರದೇ ಕೈಬರಹ. ಕೆಲಸಗಾರರು ಕೋಣೆಗೊಂದರಂತೆ ಬಾಡಿಗೆ ಕೊಡುತ್ತಾರಂತೆ, ನಾವು ತಿಂಗಳೊಳಗೆ ತೀರ್ಮಾನ ಹೇಳಬೇಕಂತೆ. ನಮ್ಮ ಯಜಮಾನರು ಶಾಲೆಯಲ್ಲಿ ಗುಮಾಸ್ತರು. ಗ್ಯಾಸಿನ ರೇಟು ಏರಿತು ಅಂತ ಅವರ ಸಂಬಳ ಏರುವುದಿಲ್ಲ. ಮಗಳ ಪರೀಕ್ಷೆ ಹೊತ್ತಲ್ಲಿ ಎಲ್ಲಿಗೆ ಅಂತ ಹೋಗುವುದು?

ಮನೆ 5:
ಅಕ್ಕಾ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಮನೆ ಇರುವವರಿಗೆ ಇಂಥ ಕಾಲ ಪದೇ ಪದೇ ಬರುವುದಿಲ್ಲ. ನಾನೂ ಸಾಲ ಮಾಡಿ ಮೇಲೊಂದು ಮಹಡಿ ಎಬ್ಬಿಸೋಣ ಅಂತಿದ್ದೇನೆ.

ಮನೆ 12:
ಸರ್, ಸಾಲಕ್ಕೆ ಸಹಿ ಹಾಕುವ ಮೊದಲು ಗ್ಲಾಡ್‌ಸ್ಟನ್ ಕಥೆ ಕೇಳಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಬಂದರು ಊರು. ಪಕ್ಕದ ಕರ್ಟಿಸ್ ದ್ವೀಪದಲ್ಲಿ 2010ರಿಂದ ಒಟ್ಟೊಟ್ಟಿಗೇ ಮೂರು ಎಲ್‌ಎನ್‌ಜಿ ಘಟಕ, ಅಂದರೆ ಗ್ಯಾಸನ್ನು ಹೀಗೇ ದ್ರವ ಮಾಡುವ ಘಟಕ, ಕಟ್ಟಿದರು. ಸಾವಿರಾರು ಕೆಲಸಗಾರರು ಬಂದರು, ಬಾಡಿಗೆ ಆಕಾಶಕ್ಕೇರಿತು, ದುಡ್ಡಿದ್ದವರೆಲ್ಲ ಸಾಲ ಮಾಡಿ ಮನೆ ಕೊಂಡರು. ಘಟಕಗಳು ಮುಗಿದವು, ಕಟ್ಟಿದವರು ಗಂಟುಮೂಟೆ ಕಟ್ಟಿ ಹೊರಟರು. ಬಾಡಿಗೆ ಅರ್ಧಕ್ಕಿಂತ ಕೆಳಗೆ ಬಿತ್ತು, ಸಾಲದ ಕಂತು ಮಾತ್ರ ಹಾಗೇ ಉಳಿಯಿತು. ಬಾವಿಗಳಿರುವ ಒಳನಾಡಿನ ಚಿಂಚಿಲಾದಲ್ಲೂ ಇದೇ ಆಯಿತು. ಮೊದಲು ಬಾಡಿಗೆಯವರು ಊರು ಬಿಟ್ಟರು, ಆಮೇಲೆ ಮಾಲೀಕರು ನರಳಿದರು. ಇದರಲ್ಲಿ ನೀವೂ ಅಕ್ಕನೂ ಒಂದೇ ಕಡೆ ಇದ್ದೀರಿ.

ಮನೆ 18:
ನಂದೊಂದು ಮಾತು. ನನಗೆ ನಮ್ಮ ಈ ಯೋಜನೆಯಲ್ಲೇ ವೆಲ್ಡಿಂಗ್ ಕೆಲಸ ಸಿಕ್ಕಿದೆ. ಮನೆಗೆ ಮೊದಲ ಸಲ ನೆಟ್ಟಗೆ ಸಂಬಳ ಬರುತ್ತಿದೆ. ಗುಂಪಿನವರೆಲ್ಲ ಯೋಜನೆಯೇ ಬೇಡ ಅಂದರೆ ನಾನು ಜೊತೆಗೆ ಬರುವುದಿಲ್ಲ.

ಮನೆ 12:
ಬೇಡ ಅಂತ ಯಾರೂ ಹೇಳುತ್ತಿಲ್ಲಪ್ಪ. ಕಟ್ಟುವಾಗ ಬೇಕಾಗುವಷ್ಟು ಜನ ನಡೆಸುವಾಗ ಬೇಡ. ಆಗ ಕೆಲವು ನೂರು ಜನ ಸಾಕು. ಅದಕ್ಕೇ ಕಟ್ಟುವ ಕೆಲಸ ಮುಗಿದ ಮೇಲೆ ಸ್ಥಳೀಯರಿಗೆ ಎಷ್ಟು ಕಾಯಂ ಕೆಲಸ, ತರಬೇತಿ ಯಾರು ಕೊಡುತ್ತಾರೆ, ಎರಡನ್ನೂ ಬರೆದು ಕೊಡಿ ಅಂತ ನೀನೇ ಎದ್ದು ಕೇಳು. ನಾನು ಕೇಳುವುದಕ್ಕಿಂತ ನೀನು ಕೇಳಿದರೆ ಜಾಸ್ತಿ ತೂಕ.

ಮನೆ 40:
ನನಗೊಂದು ಅನುಮಾನ. ನಮ್ಮ ಕಾಲಡಿಯ ಗ್ಯಾಸ್ ಅಲ್ವಾ, ನಮಗಾದರೂ ಅಗ್ಗವಾಗಿ ಕೊಡುವುದಿಲ್ವಾ?

ಮನೆ 12:
ನಿಯಮ ಇಲ್ಲದಿದ್ದರೆ ಇಲ್ಲ ಅಂಕಲ್. ರಫ್ತಿನ ದಾರಿ ತೆರೆದರೆ ಮಾರುವವನು ಹೊರದೇಶದವನು ಕೊಡುವ ಬೆಲೆ ನೋಡುತ್ತಾನೆ. ತಂಪು ಮಾಡುವ, ಸಾಗಿಸುವ ಖರ್ಚು ಕಳೆದು ಉಳಿದದ್ದನ್ನು ನಮಗೂ ಹೇಳುತ್ತಾನೆ. ಅದಕ್ಕಿಂತ ಕಡಿಮೆಗೆ ಯಾಕೆ ಕೊಟ್ಟಾನು? 2022ರ ಜೂನ್ 8ರಂದು ಅಮೆರಿಕದ ಟೆಕ್ಸಸ್‌ನಲ್ಲಿ ಫ್ರೀಪೋರ್ಟ್ ಅನ್ನುವ ಎಲ್‌ಎನ್‌ಜಿ ರಫ್ತು ಘಟಕದಲ್ಲಿ ಸ್ಫೋಟವಾಯಿತು. ಘಟಕ ತಿಂಗಳುಗಟ್ಟಲೆ ಮುಚ್ಚಿತು. ಹೊರಗೆ ಹೋಗಬೇಕಿದ್ದ ಗ್ಯಾಸ್ ದೇಶದೊಳಗೇ ಉಳಿಯಿತು. ಅಲ್ಲಿನ ಸಗಟು ಬೆಲೆ ಕೆಲವೇ ದಿನಗಳಲ್ಲಿ ಜೋರಾಗಿ ಇಳಿಯಿತು. ಆ ಒಂದು ಘಟಕ ದೇಶದೊಳಗಿನ ಬೆಲೆಯನ್ನು ಎಷ್ಟು ಎತ್ತಿ ಹಿಡಿದಿತ್ತು ನೋಡಿ.

ಪಶ್ಚಿಮ ಆಸ್ಟ್ರೇಲಿಯಾ ಜಾಣತನ ಮಾಡಿತು. ರಫ್ತು ಮಾಡುವವರು 15% ಗ್ಯಾಸನ್ನು ರಾಜ್ಯದೊಳಗೆ ಉಳಿಸಬೇಕು ಅಂತ 2006ರಲ್ಲೇ ನೀತಿ ಮಾಡಿತು. ಅದೇ ದೇಶದ ಪೂರ್ವ ಕರಾವಳಿಯ ಘಟಕಗಳಿಗೆ ಅಂಥ ಪಾಲು ಕಟ್ಟಲಿಲ್ಲ. ರಫ್ತು ಶುರುವಾದ ಮೇಲೆ ಬೆಲೆ ಏರಿ ಕಾರ್ಖಾನೆಗಳು ಕೂಗಿಕೊಂಡವು. ಅಲ್ಲಿನ ಕೇಂದ್ರ ಸರ್ಕಾರ 2017ರಲ್ಲಿ ರಫ್ತು ತಡೆಯುವ ಅಧಿಕಾರ ತಂದುಕೊಂಡಿತು. 2022ರ ಡಿಸೆಂಬರ್‌ನಲ್ಲಿ ಬೆಲೆಗೆ ಗಿಗಾಜೂಲ್‌ಗೆ (ಗ್ಯಾಸಿನ ಶಕ್ತಿ ಅಳೆಯುವ ಮಾಪ) 12 ಆಸ್ಟ್ರೇಲಿಯನ್ ಡಾಲರ್ ಮಿತಿ ಹಾಕಬೇಕಾಯಿತು. ಒಪ್ಪಂದ ಆದಮೇಲೆ ಕೇಳಿದರೆ ಎಷ್ಟು ಒದ್ದಾಟ ನೋಡಿ.

ಮನೆ 22:
ನಮ್ಮ ಜಮೀನಿನಲ್ಲಿ ಎರಡು ಗ್ಯಾಸ್ ಬಾವಿ ಇವೆ. ಜಾಗದ ಬಾಡಿಗೆ ಸರಿಯಾಗಿ ಬರುತ್ತದೆ, ಸುಳ್ಳು ಹೇಳಬಾರದು. ಅದರಲ್ಲೇ ಅಪ್ಪನ ಕಣ್ಣಿನ ಆಪರೇಷನ್ ಆಯಿತು. ಚಿಂತೆ ಇರುವುದು ಬೋರ್‌ವೆಲ್ ಬಗ್ಗೆ. ಮುಂಚೆ ಮೋಟಾರ್ ಹಾಕಿದ ತಕ್ಷಣ ಪೈಪಿನ ಬಾಯಿ ತುಂಬಾ ನೀರು ಬರುತ್ತಿತ್ತು. ಈಗ ಮೊದಲು ಗಾಳಿ ಕೆಮ್ಮುತ್ತದೆ, ಆಮೇಲೆ ಕೆಸರು, ಆಮೇಲೆ ನೀರು. ಗ್ಯಾಸಿನಿಂದಲೇ ಅಂತ ನಾನು ಹೇಗೆ ಸಾಬೀತು ಮಾಡಲಿ?

ಮನೆ 12:
ಸಾಬೀತು ಮಾಡುವ ಭಾರ ನಿಮ್ಮ ತಲೆಗೆ ಬರಬಾರದು ಅಂತಲೇ ಕೇಳಬೇಕು. ಕ್ವೀನ್ಸ್‌ಲ್ಯಾಂಡಿನಲ್ಲಿ ಕಲ್ಲಿದ್ದಲು ಪದರದಿಂದ ಗ್ಯಾಸ್ ತೆಗೆಯಲು ಮೊದಲು ನೀರು ಎತ್ತುತ್ತಾರೆ. ಅದರಿಂದ ರೈತರ ಬೋರ್‌ವೆಲ್ ಬತ್ತಿದರೆ ಕಂಪನಿಯೇ ಸರಿಪಡಿಸಬೇಕು, ಇಲ್ಲವೇ ಪರಿಹಾರ ಕೊಡಬೇಕು ಅಂತ ಅಲ್ಲಿ ಕಾನೂನಿದೆ. ನಾವೂ ಕೇಳೋಣ. ಹೊಸ ಗ್ಯಾಸ್ ಬಾವಿ ಕೊರೆಯುವ ಮೊದಲೇ ಎಲ್ಲ ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆದು ದಾಖಲಿಸಲಿ.

ಮನೆ 9:
ರಸ್ತೆ ಮರೀಬೇಡಿ. ಟ್ಯಾಂಕರ್ ಹೋಗಿ ಹೋಗಿ ತಿರುವಿನಲ್ಲಿ ಟಾರೇ ಇಲ್ಲ. ದುರಸ್ತಿಗೆ ದುಡ್ಡಿಲ್ಲ ಅಂತಾರೆ.

ಮನೆ 12:
ತೆರಿಗೆಯ ಪ್ರಶ್ನೆ ಬರುವುದು ಇಲ್ಲೇ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 2012ರಿಂದ ಶೇಲ್ ಗ್ಯಾಸಿನ (ಶೇಲ್ ಅನ್ನುವ ಬಂಡೆ ಪದರದ ಗ್ಯಾಸ್) ಪ್ರತಿ ಬಾವಿಗೂ ಶುಲ್ಕ ಇದೆ. ರಾಜ್ಯದ ಇಲಾಖೆಗಳ ಪಾಲು ತೆಗೆದು ಉಳಿದದ್ದರಲ್ಲಿ 60% ಬಾವಿಗಳಿರುವ ಊರುಗಳ ಕಡೆ ಬರುತ್ತದೆ. ಇನ್ನೊಂದು ಕಡೆ ಅದೇ ದೇಶದ ಲೂಸಿಯಾನಾ ರಾಜ್ಯ ನೋಡಿ. ಉದ್ಯಮಗಳಿಗೆ 10 ವರ್ಷದವರೆಗೆ ಆಸ್ತಿ ತೆರಿಗೆ ವಿನಾಯಿತಿ ಕೊಡುವ ಪದ್ಧತಿ ಅಲ್ಲಿದೆ. ಎಷ್ಟೋ ಕಾಲ ಶಾಲೆ, ಸ್ಥಳೀಯ ಆಡಳಿತದವರನ್ನು ಕೇಳದೆಯೇ ಕೊಟ್ಟರು. ಅವರ ಮಾತಿಗೆ ಬೆಲೆ ಸಿಕ್ಕಿದ್ದು 2016ರಲ್ಲಿ. ಕಂಪನಿಗೆ ವಿನಾಯಿತಿ ಸಿಕ್ಕರೆ ಆ ತಿರುವಿಗೆ ಟಾರು ಹಾಕುವ ದುಡ್ಡು ನಮ್ಮ ಮನೆ ಕಂದಾಯದಿಂದಲೇ ಹೋಗಬೇಕು. ಆಟದ ಮೈದಾನ ಒಂದು ಸಲದ ಉಡುಗೊರೆ. ಶುಲ್ಕವಾದರೆ ವರ್ಷಾ ವರ್ಷಾ ಬರುತ್ತದೆ. ನನಗೆ ಶುಲ್ಕವೇ ಬೇಕು.

ಮನೆ 5:
ಮಹಡಿ ವಿಚಾರ ಸದ್ಯಕ್ಕೆ ಬಿಟ್ಟೆ. ಕೆಲಸಗಾರರ ವಸತಿ ಕಂಪನಿಯೇ ಕಟ್ಟಲಿ ಅನ್ನುವುದನ್ನು ಮನವಿಗೆ ಸೇರಿಸಿ. ಮನೆ ಮಾಲೀಕರ ಸಹಿ ನಾನು ಹಾಕಿಸುತ್ತೇನೆ. ಅಕ್ಕಾ, ನಿಮ್ಮ ಮಾಲೀಕರು ನನಗೆ ಗೊತ್ತು, ಪರೀಕ್ಷೆ ಮುಗಿಯುವವರೆಗಾದರೂ ತಡೆಯಿರಿ ಅಂತ ಮಾತಾಡುತ್ತೇನೆ.

ಮನೆ 12:
ತುಂಬಾ ಒಳ್ಳೆಯದಾಯಿತು ಸರ್. ಮನವಿ ಪತ್ರ ನಾಳೆ ರಾತ್ರಿ ಇಲ್ಲಿ ಹಾಕುತ್ತೇನೆ. ಮನೆ 22ರವರು ಬೋರ್‌ವೆಲ್ ಶುರುವಾಗುವಾಗಿನ ವಿಡಿಯೋ ತನ್ನಿ. ಮನೆ 9ರವರು ತಿರುವಿನ ಫೋಟೋ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ತೆಗೆಯಿರಿ. ಸಭೆಯಲ್ಲಿ ಬಾಯಿಮಾತಿನ ಉತ್ತರ ಬೇಡ, ನಡಾವಳಿಯಲ್ಲಿ ಬರೆಸಿ ಪ್ರತಿ ತಗೊಳ್ಳೋಣ.

ಮನೆ 31:
ನಾನು ಆ ಚೀಟಿ ತರುತ್ತೇನೆ. ಮಾಲೀಕರ ಸಹಿ ಕಾಣದಂತೆ ಮಡಚಿ.